ಹೊರೆ ಸೈಕಲ್‌ಗೆ ಯಾವ ಭಾಗ ಆರಿಸಬೇಕು?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಮ್ಮ ಊರುಗಳಲ್ಲಿ ಬೈಕು ಬಂದ ಮೇಲೂ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಆಲೂಗಡ್ಡೆ ಮೂಟೆಗೆ ಸೈಕಲ್ಲೇ ಸಾಕು ಅನ್ನೋರು ಇದ್ದೇವೆ. ಹಳೇ ಉಕ್ಕಿನ ಫ್ರೇಮು ಸಿಕ್ಕರೆ ಬಿಡಬೇಡಿ. ಅದು ಬಿರುಕು ಬಿಟ್ಟರೆ ಊರಿನ ವೆಲ್ಡಿಂಗ್‌ನವನೇ ಬೆಸೀತಾನೆ. ಮುಂದಿನ ಫೋರ್ಕ್ ಬಿರುಕಿದ್ದರೆ ಮಾತ್ರ ಬೆಸುಗೆ ಬೇಡ, ಹೊಸದೇ ಹಾಕಿಸಿ. ಅದು ಮುರಿದರೆ ಮುಖ ಅಡಿಯಾಗಿ ಬೀಳ್ತೀರಿ.

ದುಡ್ಡು ಮೊದಲು ಹಿಂದಿನ ಚಕ್ರಕ್ಕೆ ಹಾಕಿ. ಮೂಟೆಯ ಭಾರ ಬೀಳೋದು ಅಲ್ಲೇ. 28 ಇಂಚಿನ ಹಳೇ ಮಾದರಿಗೆ ಮುಂದೆ 32, ಹಿಂದೆ 40 ಕಡ್ಡಿ ಇರೋದು ಇದಕ್ಕೇ. ಎರಡೂ ಕಡೆ 36 ಇರೋದು ಸವಾರಿಗಾಯ್ತು. ಹೊರೆಗೆ 40ರದ್ದೇ ಹುಡುಕಿ. ಕಡ್ಡಿ ಕಟ್ಟಿಸಿದ ಮೇಲೆ ಬೆರಳಿಂದ ಮೀಟಿ ನೋಡಿ. ಒಂದು ಬದಿಯ ಕಡ್ಡಿಗಳ ಸದ್ದು ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದು ಸಡಿಲ ಇದ್ದರೆ ಅದರ ಭಾರ ಪಕ್ಕದ ಕಡ್ಡಿಗಳ ಮೇಲೆ ಬೀಳುತ್ತೆ.

ಇನ್ನು ಫ್ರೀವೀಲ್. ಪೆಡಲ್ ಕಡೆ 44 ಹಲ್ಲು, ಹಿಂದೆ 18 ಇದ್ದರೆ ಒಂದು ತುಳಿತಕ್ಕೆ ಸುಮಾರು 18 ಅಡಿ ಹೋಗುತ್ತೆ. ಹಿಂದೆ 22 ಹಲ್ಲಿನದು ಹಾಕಿಸಿದರೆ ಹದಿನಾಲ್ಕೂವರೆ ಅಡಿ ಅಷ್ಟೆ, ಆದರೆ ಮೂಟೆ ಹೇರಿಕೊಂಡು ದಿಬ್ಬ ಹತ್ತಬಹುದು. ಚೈನು ತುಸು ಉದ್ದ ಬೇಕಾದೀತು.

ಬ್ರೇಕಿಗೆ ನನ್ನ ಮತ ಹಳೇ ಕಡ್ಡಿ ಬ್ರೇಕು. ಕಟ್ಟೆ ರಿಮ್ಮಿನ ಒಳಬದಿಗೆ ಒತ್ತೋದರಿಂದ ಚಕ್ರ ಸ್ವಲ್ಪ ಅತ್ತಿತ್ತ ವಾಲಾಡಿದರೂ ಹಿಡಿಯುತ್ತೆ. ಮಳೇಲಿ ಮಾತ್ರ ನಂಬಬೇಡಿ, ಒದ್ದೆ ಉಕ್ಕಿನ ರಿಮ್ಮು ಜಾರುತ್ತೆ. ಇಳಿಜಾರಿನಲ್ಲಿ ಇಳಿದು ತಳ್ಳಿ.

ಕ್ಯಾರಿಯರ್ ಕಾಲು ಹಿಂದಿನ ಆಕ್ಸಲ್‌ಗೇ ಕೂರಲಿ. ಬಣ್ಣ, ಬೆಲ್ಲು ನಿಮ್ಮಿಷ್ಟ.