ಬಡಿದರೆ ಬಡಿಯಲಿ

ರಾತ್ರಿ ಎರಡು ಗಂಟೆ. ಮನೆಮಂದಿಯೆಲ್ಲ ಮಲಗಿದ್ದಾರೆ. ಎಡ ಮಗ್ಗುಲಿಗೆ ಹೊರಳಿದರೆ ದಿಂಬಿನೊಳಗೆ ಯಾರೋ ಕುಟ್ಟಿದ ಹಾಗೆ ಡವ್ ಡವ್ ಸದ್ದು. ಕೇಳುತ್ತಾ ಮಲಗಿದಂತೆ ಅದು ಜೋರಾಗುತ್ತದೆ. ನಡುವೆ ಒಂದು ಬಡಿತ ತಪ್ಪಿಹೋದಂತಾಗಿ, ಮರುಗಳಿಗೆ ಎದೆಗೆ ಒಳಗಿನಿಂದಲೇ ಧಡ್ಡನೆ ಗುದ್ದಿದ ಹಾಗಾಗುತ್ತದೆ. ಬೆರಳು ತಾನಾಗಿ ಕತ್ತಿನ ಪಕ್ಕದ ನಾಡಿಗೆ ಹೋಗುತ್ತದೆ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೀರುವಿನಿಂದ ಹೊರಬರುತ್ತದೆ. 104. ನೀರು ಕುಡಿದು ಮತ್ತೆ ನೋಡಿದರೆ 112. ಪಕ್ಕದವರನ್ನು ಎಬ್ಬಿಸಬೇಕೋ ಬೇಡವೋ ತಿಳಿಯದೆ ಹಾಸಿಗೆಯ ಅಂಚಿನಲ್ಲಿ ಕೂತು ಬೆಳಗು ಮಾಡುವುದು.

ಇಂಥ ರಾತ್ರಿಗಳನ್ನು ನಾನೂ ಕಳೆದಿದ್ದೇನೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಅದಾದ ವಾರವೇ ನನಗೆ ಇದು ಶುರುವಾಯಿತು. ನನ್ನೊಬ್ಬನದೇ ಕತೆಯಲ್ಲ, ಆ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಎದೆ ತೋರಿಸಲು ಜನ ಮುಗಿಬಿದ್ದಿದ್ದರು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬಂದಾಗ ಮೈಸೂರಿನ ಜಯದೇವದ ಮುಂದೆಯೂ ಅದೇ ಸಾಲು. ಹಾಗೆ ಬಂದವರನ್ನು ಹೆದರುಪುಕ್ಕಲರು ಎಂದು ಆಡಿಕೊಳ್ಳುವುದು ಸಲ್ಲ. ಎದೆ ಹೊಡೆದುಕೊಳ್ಳುವುದು ನಿಜವಾಗಿಯೂ ಹೊಡೆದುಕೊಳ್ಳುವುದೇ, ಕಲ್ಪನೆಯಲ್ಲ. ಇಸಿಜಿ ನೋಡಿದ ವೈದ್ಯರು ನನಗೆ ಹೇಳಿದ್ದು, “ಏನೂ ಇಲ್ಲ, ಬರೀ ಟೆನ್ಶನ್” ಎಂದು. ಹೃದಯಕ್ಕೆ ರೋಗವಿಲ್ಲ ಎಂಬ ಅರ್ಥದಲ್ಲಿ ಅದು ಸರಿ. ಆದರೆ ಏನೂ ಇಲ್ಲ ಎನ್ನಿಸಿಕೊಂಡವನು ಮನೆಗೆ ಬಂದು, ಇಷ್ಟು ಹೊಡೆದುಕೊಳ್ಳುತ್ತಿರುವುದು ಹಾಗಾದರೆ ಏನು ಎಂದು ಇನ್ನಷ್ಟು ಹೆದರುತ್ತಾನೆ. ಅದು ಏನು ಎಂದು ಯಾರಾದರೂ ಕೂರಿಸಿ ಹೇಳಬೇಕು.

ಅದಕ್ಕೂ ಮೊದಲು, ಒಂದು ಸಲ ಸರಿಯಾಗಿ ತಪಾಸಣೆ ಆಗಲೇಬೇಕು. ಇಸಿಜಿಯ ಜೊತೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ರಕ್ತ ಕಡಿಮೆಯಿದ್ದರೆ ಇರುವಷ್ಟನ್ನೇ ಬೇಗ ಬೇಗ ತಿರುಗಿಸಲು ಹೃದಯ ಓಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಹೀಗಿರುವಾಗ ಹೆಣ್ಣುಮಗಳೊಬ್ಬಳು ಎದೆ ಡವಡವ ಎನ್ನುತ್ತದೆ ಎಂದರೆ, ರಕ್ತ ಪರೀಕ್ಷೆಯನ್ನೂ ಮಾಡದೆ “ಸುಮ್ಮನೆ ಯೋಚನೆ ಮಾಡ್ತೀಯಮ್ಮಾ” ಎಂದು ಕಳಿಸುವುದು ಅನ್ಯಾಯ. ಎದೆನೋವು ಜೊತೆಗಿದ್ದರೆ, ಕಣ್ಣು ಕತ್ತಲಿಟ್ಟು ಬಿದ್ದರೆ, ಉಸಿರು ಕಟ್ಟಿದರೆ, ಕೆಲಸ ಮಾಡುತ್ತಿರುವಾಗಲೇ ಬಡಿತ ಏರುಪೇರಾದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ ಸತ್ತವರಿದ್ದರೆ ಈ ಬರಹವನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ನೋವೂ ಮೂರ್ಛೆಯೂ ಇದ್ದರೆ 108ಕ್ಕೆ ಕರೆ ಮಾಡಲು ತಡಮಾಡಬೇಡಿ.

ತಪಾಸಣೆ ಮುಗಿದು ಹೃದಯ ಗಟ್ಟಿಯಿದೆ ಎಂದು ತಿಳಿದವರಿಗೆ ಮುಂದಿನ ಮಾತು.

ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿ ಪುಟ್ಟದೊಂದು ಜೀವಕೋಶಗಳ ಗುಂಪಿದೆ. ಬಡಿತಕ್ಕೆ ತಾಳ ಹಾಕುವುದು ಅದೇ. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ನೂರರ ಆಸುಪಾಸು ಬಡಿಯುತ್ತದೆ. ನಾವು ಸುಮ್ಮನೆ ಕೂತಾಗ 70ರ ಹತ್ತಿರ ಇರುವುದು ಮೆದುಳಿನಿಂದ ಇಳಿದುಬರುವ ವೇಗಸ್ ನರ ಅದನ್ನು ಹಿಡಿದಿಟ್ಟಿರುವುದರಿಂದ. ಎತ್ತಿನ ಮೂಗುದಾರದಂತೆ ಎನ್ನಿ. ಹೆದರಿಕೆಯಾದಾಗ ಮೊದಲು ಮೂಗುದಾರ ಸಡಿಲವಾಗುತ್ತದೆ, ಆಮೇಲೆ ಚಾಟಿ ಬೀಳುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಗ್ರಂಥಿಗಳು ರಕ್ತಕ್ಕೆ ಸುರಿಯುವ ಅಡ್ರಿನಲಿನ್ ಈ ಚಾಟಿ. ಓಡಬೇಕಾಗಬಹುದು, ಹೊಡೆದಾಡಬೇಕಾಗಬಹುದು ಎಂದು ಮೈ ಸಜ್ಜಾಗುತ್ತದೆ. ಹಾವು ಎದುರಿಗೇ ಇದ್ದರೆ ಅದರಿಂದ ಪ್ರಾಣ ಉಳಿಯುತ್ತದೆ. ಆದರೆ ಬ್ಯಾಂಕಿನ ನೋಟಿಸಿಗೂ ಮಗಳ ಪರೀಕ್ಷೆಗೂ ಯಾರದೋ ಸಾವಿನ ಸುದ್ದಿಗೂ ಮೈ ಅದೇ ತಯಾರಿ ನಡೆಸುತ್ತದೆ. ಓಡಲು ಕಟ್ಟಿದ ಗಾಡಿ ಮನೆಯೊಳಗೇ ನಿಂತು ಅಲ್ಲಾಡುತ್ತದೆ.

ಬಡಿತ ತಪ್ಪಿದಂತೆ ಆಗುವುದರ ಗುಟ್ಟೂ ಸರಳ. ಅಲ್ಲಿ ತಪ್ಪಿಹೋದದ್ದು ಏನೂ ಇಲ್ಲ. ಒಂದು ಬಡಿತ ಸರದಿಗಿಂತ ಮುಂಚೆ ಬಂದುಬಿಟ್ಟಿರುತ್ತದೆ. ಅದು ಎಳಸು, ನಮಗೆ ಗೊತ್ತೇ ಆಗುವುದಿಲ್ಲ. ಅದರ ಹಿಂದೆ ತುಸು ಬಿಡುವು. ಆ ಬಿಡುವಿನಲ್ಲಿ ಹೃದಯಕ್ಕೆ ಹೆಚ್ಚು ರಕ್ತ ತುಂಬಿಕೊಂಡು ಮುಂದಿನ ಬಡಿತ ಬಲವಾಗಿ ಬೀಳುತ್ತದೆ. ನಾವು ಬೆಚ್ಚುವುದು ಅದಕ್ಕೆ. ಗಟ್ಟಿ ಹೃದಯದವರಲ್ಲೂ ಇದು ದಿನವೂ ಆಗುತ್ತಿರುತ್ತದೆ. ನಿದ್ದೆಗೆಟ್ಟ ದಿನ, ನಾಲ್ಕನೆಯ ಲೋಟ ಕಾಫಿಯ ದಿನ, ಬೀಡಿ ಸಿಗರೇಟಿನ ದಿನ ಇನ್ನಷ್ಟು.

ಈ ಬಡಿತವನ್ನು ಅರ್ಥಮಾಡಿಕೊಳ್ಳಲು ವೈದ್ಯಲೋಕಕ್ಕೂ ಬಹಳ ಕಾಲ ಬೇಕಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಎಳೆಯ ಸೈನಿಕರು ಎದೆಬಡಿತ, ಸುಸ್ತು ಎಂದು ಫಿಲಡೆಲ್ಫಿಯಾದ ಆಸ್ಪತ್ರೆ ಸೇರುತ್ತಿದ್ದರು. ಜೇಕಬ್ ಡ ಕೋಸ್ಟಾ ಎಂಬ ವೈದ್ಯರು ಅವರನ್ನು ಪರೀಕ್ಷಿಸಿ 1871ರಲ್ಲಿ ಈ ತೊಂದರೆಯ ಬಗ್ಗೆ ಬರೆದರು. ಮುಂದೆ ಇದಕ್ಕೆ ‘ಸೈನಿಕನ ಹೃದಯ’ ಎಂದೇ ಹೆಸರು ಬಿತ್ತು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲೂ ಸಾವಿರಾರು ಹುಡುಗರ ಎದೆ ಹೀಗೇ ಹೊಡೆದುಕೊಂಡಿತು.

ಆ ಕಂದಕದಿಂದ ಬದುಕಿ ಬಂದ ಒಬ್ಬ ಗೆಳೆಯನ ಮಾತು ಸಿಡ್ನಿಯ ಕ್ಲೇರ್ ವೀಕ್ಸ್ ಎಂಬ ಯುವತಿಯ ಬಾಳನ್ನು ತಿರುಗಿಸಿತು. ಆಕೆ ಪ್ರಾಣಿಶಾಸ್ತ್ರಜ್ಞೆ, ಹಲ್ಲಿಗಳ ಮೇಲೆ ಸಂಶೋಧನೆ ನಡೆಸಿದವರು. ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಬಿದ್ದಾಗ ಕ್ಷಯವೆಂದು ತಪ್ಪಾಗಿ ಹೇಳಿ ಆರೋಗ್ಯಧಾಮಕ್ಕೆ ಕಳಿಸಿದ್ದರು. ಅಲ್ಲಿ ಮಲಗಿ ಮಲಗಿ ಆಕೆಗೆ ತನ್ನ ಎದೆಬಡಿತದ್ದೇ ಧ್ಯಾನವಾಯಿತು. ಬಿಡುಗಡೆಯಾದ ಮೇಲೂ ಅದು ಬಿಡಲಿಲ್ಲ. ಆಗ ಆ ಗೆಳೆಯ, ಕಂದಕದಲ್ಲಿ ನಮಗೆಲ್ಲ ಹೀಗೇ ಆಗುತ್ತಿತ್ತು, ಇದು ಹೆದರಿಕೆಯಿಂದ ಬರುವುದು, ಅದಕ್ಕೇ ಹೆದರಿ ಹೆದರಿ ನೀನು ಅದನ್ನು ಬೆಳೆಸುತ್ತಿದ್ದೀಯ ಎಂದ. ಯಾವ ಔಷಧವೂ ಮಾಡದ ಕೆಲಸವನ್ನು ಆ ಮಾತು ಮಾಡಿತು. ಮುಂದೆ ವೈದ್ಯಕೀಯ ಓದಿ, ಸಾವಿರಾರು ಜನರನ್ನು ನೋಡಿ, 1962ರಲ್ಲಿ ಅವರು ಈ ಹೆದರಿಕೆಯ ಬಗ್ಗೆಯೇ ಪುಸ್ತಕ ಬರೆದರು.

ವೀಕ್ಸ್ ಹೇಳಿದ ಒಂದು ಭೇದ ನನಗೆ ಬಹಳ ಉಪಕಾರ ಮಾಡಿದೆ. ಎದೆ ಧಸಕ್ಕೆನ್ನುವುದು ಮೊದಲ ಹೆದರಿಕೆ, ಅದು ನಮ್ಮ ಕೈಯಲ್ಲಿಲ್ಲ. ಅಯ್ಯೋ ಇದೇನಾಗುತ್ತಿದೆ, ಇದೇ ಕೊನೆಯೋ ಏನೋ ಎನ್ನುವುದು ಎರಡನೆಯದು. ಮತ್ತೊಂದು ಚಾಟಿ ಬೀಸುವುದು ಈ ಎರಡನೆಯದೇ. ಒಮ್ಮೆ ಸುರಿದ ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಅಡಗುತ್ತದೆ. ಆದರೆ ಆಕ್ಸಿಮೀಟರ್ ನೋಡಿದಾಗೊಮ್ಮೆ, ನಾಡಿ ಹಿಡಿದಾಗೊಮ್ಮೆ, ಮೊಬೈಲಿನಲ್ಲಿ ಲಕ್ಷಣ ಹುಡುಕಿದಾಗೊಮ್ಮೆ ನಾವು ಒಲೆಗೆ ಸೌದೆ ನೂಕುತ್ತಿರುತ್ತೇವೆ. 104 ಇದ್ದದ್ದು 112 ಆದದ್ದು ಅದಕ್ಕೇ.

ಹಾಗಾಗಿ ಮಾಡಬೇಕಾದದ್ದು ಬಡಿತವನ್ನು ನಿಲ್ಲಿಸುವ ಹೋರಾಟವಲ್ಲ. ಬಡಿದರೆ ಬಡಿಯಲಿ ಎಂದು ಭುಜ ಸಡಿಲ ಬಿಟ್ಟು, ಬಿಗಿದ ಹಲ್ಲು ಬಿಟ್ಟು ಇರುವುದು. ಹೇಳಿದಷ್ಟು ಸುಲಭವಲ್ಲ, ಮೊದಲ ಹತ್ತಿಪ್ಪತ್ತು ಸಲ ಸೋಲುತ್ತೀರಿ. ಉಸಿರು ಇಲ್ಲಿ ನೆರವಿಗೆ ಬರುತ್ತದೆ. ಉಸಿರು ಎಳೆದಾಗ ಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ, ಇದು ಎಲ್ಲರ ಮೈಯಲ್ಲೂ ಇರುವ ಏರ್ಪಾಡು. ಬಿಡುವ ಉಸಿರನ್ನು ಉದ್ದ ಮಾಡಿದರೆ ಮೂಗುದಾರ ಬಿಗಿಯಾಗುತ್ತದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಎಳೆದು ಆರು ಎಣಿಸುವಷ್ಟು ಹೊತ್ತು ಬಿಡಿ, ನಾಲ್ಕೈದು ನಿಮಿಷ. ದೊಡ್ಡ ದೊಡ್ಡ ಉಸಿರು ಬೇಡವೇ ಬೇಡ. ಬುಸುಬುಸು ಎಳೆದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ, ಅದನ್ನೂ ಹೃದಯದ ಲೆಕ್ಕಕ್ಕೇ ಬರೆದು ಮತ್ತೆ ಗಾಬರಿಯಾಗುತ್ತೇವೆ.

ಹಗಲಿನಲ್ಲಿ ಮಾಡಬೇಕಾದ ಕೆಲಸ ಇನ್ನೂ ಮುಖ್ಯ. ಹೆದರಿದವರು ಮೆಟ್ಟಿಲು ಬಿಡುತ್ತಾರೆ, ನಡಿಗೆ ಬಿಡುತ್ತಾರೆ, ಒಬ್ಬರೇ ಬಸ್ಸು ಹತ್ತುವುದಿಲ್ಲ. ನಾನು ಮೂರು ತಿಂಗಳು ಮಹಡಿಗೆ ಬಟ್ಟೆ ಒಣಗಿಸಲೂ ಹೋಗಿರಲಿಲ್ಲ. ಆಮೇಲೆ ಬೇಕೆಂದೇ ಹತ್ತಿದೆ. ಮೇಲೆ ಹೋಗುವಷ್ಟರಲ್ಲಿ ಎದೆ ತಮಟೆಯಾಗಿತ್ತು. ಅಲ್ಲೇ ನೀರಿನ ಟ್ಯಾಂಕಿಗೆ ಒರಗಿ ನಿಂತೆ, ನಾಡಿ ಮುಟ್ಟಲಿಲ್ಲ. ಪಕ್ಕದ ಮನೆಯ ತೆಂಗಿನ ಗರಿಗಳನ್ನು ನೋಡುತ್ತಿದ್ದಂತೆ ತಾನಾಗಿ ಇಳಿಯಿತು. ದಿನಕ್ಕೆರಡು ಸಲ ಹಾಗೆ ಹತ್ತಿ ಹತ್ತಿ, ಜೋರು ಬಡಿತ ಎಂದರೆ ಅಪಾಯ ಎಂಬ ನಂಟನ್ನು ಮೈ ಮರೆಯಲು ಎರಡು ತಿಂಗಳು ಹಿಡಿಯಿತು.

ಒಬ್ಬರಿಂದಲೇ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಪರಿಚಯದವರು ಕೊಟ್ಟ ಎದೆಬಡಿತದ ಮಾತ್ರೆಗಳನ್ನು ಮಾತ್ರ ನುಂಗಬೇಡಿ, ಅವುಗಳಲ್ಲಿ ಕೆಲವು ಅಸ್ತಮಾ ಇದ್ದವರಿಗೆ ಉಸಿರನ್ನೇ ಕಟ್ಟಿಸುತ್ತವೆ.

ಕ್ಲೇರ್ ವೀಕ್ಸ್ 1990ರವರೆಗೆ, 87 ವರ್ಷ ಬದುಕಿದರು. ಗಾಬರಿ ಈಗಲೂ ಒಮ್ಮೊಮ್ಮೆ ನಡುರಾತ್ರಿ ಬಂದು ಎಬ್ಬಿಸುತ್ತದೆ ಎಂದು ಮುಪ್ಪಿನಲ್ಲಿ ಅವರೇ ಹೇಳಿಕೊಂಡಿದ್ದರು. ಬಂದಾಗ ಅದರ ಪಾಡಿಗೆ ಅದನ್ನು ಬಿಟ್ಟು, ಮತ್ತೆ ಮಲಗುತ್ತಿದ್ದರು.