ಸೂಜಿಬಾಲದ ಬಾತು: ಬಣ್ಣಕ್ಕೆ ಮೊದಲು ಆಕಾರ ನೋಡಿ

ಯುರೋಪು, ಏಷ್ಯಾ, ಉತ್ತರ ಅಮೆರಿಕಗಳ ಉತ್ತರ ಭಾಗದ ಜೌಗುನೆಲಗಳಲ್ಲಿ ಮರಿಮಾಡುವ ಸೂಜಿಬಾಲದ ಬಾತು, ಅಲ್ಲಿ ನೀರು ಹೆಪ್ಪುಗಟ್ಟುವ ಮುಂಚೆ ತೆಂಕಣಕ್ಕೆ ಹೊರಡುತ್ತದೆ. ಮಳೆಗಾಲ ಮುಗಿದ ಮೇಲೆ ಕರ್ನಾಟಕಕ್ಕೂ ಬಂದು ಬೇಸಿಗೆ ಬಲಿಯುವ ಮೊದಲು ಮರಳುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆ, ತುಂಗಭದ್ರಾ ಹಿನ್ನೀರಿನಂಥ ವಿಶಾಲವಾದ ನೀರು ಇದಕ್ಕೆ ಒಗ್ಗುತ್ತದೆ.

ಗುರುತು

ಜನವರಿಯಲ್ಲಿ ಗಂಡನ್ನು ಗುರುತಿಸುವುದು ಸುಲಭ. ಚಾಕೊಲೇಟ್ ಕಂದು ತಲೆ, ಬೆಳ್ಳನೆಯ ಎದೆ. ಆ ಬಿಳುಪು ಕತ್ತಿನ ಪಕ್ಕದಲ್ಲಿ ಸಣ್ಣ ಗೆರೆಯಾಗಿ ತಲೆಯವರೆಗೆ ಏರಿರುತ್ತದೆ. ಬಾಲದ ನಡುವಿನ ಕಪ್ಪು ಗರಿಗಳು ಸುಮಾರು 10 ಸೆಂ.ಮೀ. ಉದ್ದ.

ಆದರೆ ಈ ಅಂದ ವರ್ಷವಿಡೀ ಇರುವುದಿಲ್ಲ. ಹೆಣ್ಣು ಕಾವಿಗೆ ಕೂತ ಮೇಲೆ ಗಂಡುಗಳು ಬೇರೆಯಾಗಿ ಗರಿ ಉದುರಿಸುತ್ತವೆ. ರೆಕ್ಕೆಯ ಹಾರುಗರಿಗಳೆಲ್ಲ ಒಟ್ಟಿಗೇ ಬಿದ್ದುಹೋಗಿ ಕೆಲವು ವಾರ ಹಾರಲಾಗದು. ಆಗ ಹೆಣ್ಣಿನಂಥ ಮಾಸಲು ಕಂದು ಬಣ್ಣವೇ ಜೊಂಡಿನ ನಡುವೆ ಅವನ್ನು ಕಾಯುತ್ತದೆ. ಅಕ್ಟೋಬರಿನಲ್ಲಿ ಬಂದಿಳಿಯುವಾಗ ಹಲವು ಗಂಡುಗಳು ಇನ್ನೂ ಇದೇ ವೇಷದಲ್ಲಿರುತ್ತವೆ. ಬಣ್ಣವನ್ನೇ ನಂಬಿದವರು ಹಿಂಡೆಲ್ಲ ಹೆಣ್ಣೆಂದು ಬರೆದುಕೊಂಡಾರು.

ಆದ್ದರಿಂದ ಮೊದಲು ಆಕಾರ ನೋಡಬೇಕು: ನೀಳ ಕತ್ತು, ತೆಳು ಮೈ, ಚೂಪಾದ ಬಾಲ. ಆಮೇಲೆ ಬೂದು ಕೊಕ್ಕು. ಹೆಣ್ಣಿನ ಬಾಲ ಗಂಡಿನಷ್ಟು ಉದ್ದವಿಲ್ಲದಿದ್ದರೂ ತುದಿ ಚೂಪೇ. ಕೊಕ್ಕಿನ ತುದಿ ಹಳದಿಯಾಗಿದ್ದರೆ ಅದು ನಮ್ಮಲ್ಲೇ ನೆಲೆಸಿರುವ ವರಟೆ; ಕೊಕ್ಕು ಸಲಿಕೆಯಂತೆ ಅಗಲವಾಗಿದ್ದರೆ ಸಲಿಕೆ ಕೊಕ್ಕಿನ ಬಾತು.

ಮೇವು

ಇದು ಪೂರ್ತಿ ಮುಳುಗಿ ಮೇಯುವ ಬಾತಲ್ಲ. ತಲೆ ಕೆಳಗಾಗಿಸಿ, ಬಾಲವನ್ನು ನೆಟ್ಟಗೆ ಮೇಲೆತ್ತಿ, ಕಾಲು ಬಡಿಯುತ್ತ ಕೆಸರು ತಡಕುತ್ತದೆ. ಕತ್ತು ಉದ್ದವಿರುವುದರಿಂದ ಗಿಡ್ಡ ಕತ್ತಿನ ಬಾತುಗಳಿಗೆ ಎಟುಕದ ಬೀಜ, ಗೆಡ್ಡೆ, ಹುಳುಗಳೂ ಇದಕ್ಕೆ ಸಿಗುತ್ತವೆ. ಹಾಗಾಗಿ ಬೇರೆ ಬಾತುಗಳ ಜೊತೆ ಒಂದೇ ಕೆರೆಯಲ್ಲಿ ಹೊಂದಿಕೊಂಡು ಮೇಯುತ್ತದೆ. ಮೇವು ಹೆಚ್ಚಾಗಿ ಸಂಜೆ ಮತ್ತು ರಾತ್ರಿ. ಹಗಲಲ್ಲಿ ನಡುನೀರಿನಲ್ಲಿ ಗುಂಪಾಗಿ ವಿಶ್ರಾಂತಿ.

ನೋಡುವ ಬಗೆ

ಸೂರ್ಯ ಬೆನ್ನಿಗಿರುವಂತೆ ಕೆರೆ ಏರಿಯ ಮೇಲೆ ಕೂತು 8x42 ಬೈನಾಕ್ಯುಲರ್‌ನಲ್ಲಿ ನೋಡಿ. ರೆಕ್ಕೆಯೊಳಗೆ ಕೊಕ್ಕು ಹುದುಗಿಸಿದ್ದ ಹಕ್ಕಿಗಳು ಒಂದೊಂದಾಗಿ ಕತ್ತೆತ್ತಿದರೆ ನೀವು ಹತ್ತಿರ ಬಂದುದು ಹೆಚ್ಚಾಯಿತೆಂದೇ ಅರ್ಥ. ಅಲ್ಲೇ ನಿಲ್ಲಿ, ಇಲ್ಲವೇ ಹಿಂದೆ ಸರಿಯಿರಿ. ಫೋಟೋಗಾಗಿ ಎಬ್ಬಿಸಿದ ಪ್ರತಿ ಸಲವೂ ಮರುಪಯಣಕ್ಕೆಂದು ಮೈಯಲ್ಲಿ ಕೂಡಿಟ್ಟ ಕೊಬ್ಬು ವ್ಯರ್ಥವಾಗುತ್ತದೆ.

ದಿನಾಂಕ, ಸ್ಥಳ, ಗಂಡು-ಹೆಣ್ಣುಗಳ ಸಂಖ್ಯೆ, ನೀರಿನ ಮಟ್ಟ ಬರೆದಿಡಿ. 1987ರಲ್ಲಿ ಶುರುವಾದ ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುವುದು ಇಂಥ ಹವ್ಯಾಸಿಗಳ ಬಲದಿಂದಲೇ. ನಿಮ್ಮೂರ ಕೆರೆಯನ್ನು ವರ್ಷ ವರ್ಷವೂ ಎಣಿಸಿ: ಅದನ್ನು ಉಳಿಸಬೇಕೆಂದು ಕೇಳುವ ದಿನ ಬಂದಾಗ ಆ ಲೆಕ್ಕವೇ ನಿಮ್ಮ ಸಾಕ್ಷಿ.