ಒಂದೇ ಮನೆಗೆ ಮತ್ತೆ ಮತ್ತೆ ಹೋಗಿ ದುಡಿಮೆಯ ಲೆಕ್ಕ ತೆಗೆಯುವ ಬಗೆ

ಬಿತ್ತನೆಯ ಕಾಲದಲ್ಲಿ ಆಳುಗಳು ದೊರೆಯುವುದಿಲ್ಲ. ಕಳೆ ಕೀಳುವ ಹೊತ್ತಿಗೆ ಕೂಲಿ ಏರುತ್ತದೆ. ಕೊಯ್ಲು ಮುಗಿದ ಮೇಲೆ ಅದೇ ಊರಿನ ಜನರು ಕೆಲಸವಿಲ್ಲದೆ ಕುಳಿತಿರುತ್ತಾರೆ. ಈ ಮಾತನ್ನು ಜಮೀನುದಾರರು ಪ್ರತಿವರ್ಷವೂ ಆಡುವುದುಂಟು. ಆಳುಗಳು ಎಲ್ಲಿಗೆ ಹೋದರೆಂದು ಕೇಳಿದರೆ, ಪಟ್ಟಣ ಸೇರಿದರೆಂದು ಕೆಲವರೂ, ಸೋಮಾರಿಗಳಾದರೆಂದು ಕೆಲವರೂ ಹೇಳುವರು. ಊಹೆಯ ಈ ಉತ್ತರಗಳಲ್ಲಿ ನಿಜವೆಷ್ಟೆಂಬುದನ್ನು ತಿಳಿಯಬೇಕಾದರೆ ಕ್ರಮವಾದ ಲೆಕ್ಕವೊಂದು ಅಗತ್ಯ. ಆ ಲೆಕ್ಕವನ್ನು ತೆಗೆಯುವ ಬಗೆಯನ್ನೂ, ಅದರಲ್ಲಿ ಗ್ರಾಮದ ಮುಖಂಡರು ಮಾಡತಕ್ಕ ಸಹಾಯವನ್ನೂ ಇಲ್ಲಿ ವಿವರಿಸಲಾಗಿದೆ.

ಒಂದು ಸಾರಿಯ ಎಣಿಕೆ ಸಾಲದು

ಕೆರೆಯ ನೀರಿನ ಮಟ್ಟವು ಹೋದ ತಿಂಗಳು ಎಷ್ಟಿತ್ತೋ ಈ ತಿಂಗಳೂ ಅಷ್ಟೇ ಇದೆಯೆಂದರೆ ನೀರು ನಿಂತಲ್ಲೇ ನಿಂತಿದೆಯೆಂದು ಅರ್ಥವಲ್ಲ. ಹಳ್ಳದಿಂದ ಬಂದಷ್ಟು ನೀರು ತೂಬಿನಿಂದ ಹೊರಗೆ ಹೋಗಿರಬಹುದು. ದುಡಿಮೆಯ ವಿಷಯವೂ ಹೀಗೆಯೇ. ಒಂದು ಊರಿನಲ್ಲಿ ಕಳೆದ ವರ್ಷ ನೂರು ಮಂದಿಗೆ ಕೆಲಸವಿತ್ತು, ಈ ವರ್ಷವೂ ನೂರು ಮಂದಿಗೆ ಇದೆ ಎಂದಿಟ್ಟುಕೊಳ್ಳೋಣ. ಅವರು ಅದೇ ನೂರು ಮಂದಿಯಾಗಿರಬಹುದು. ಇಲ್ಲವೇ ಮೂವತ್ತು ಮಂದಿ ಕೆಲಸ ಕಳೆದುಕೊಂಡು ಬೇರೆ ಮೂವತ್ತು ಮಂದಿ ಆ ಜಾಗಕ್ಕೆ ಬಂದಿರಬಹುದು. ಮೊದಲನೆಯ ಊರಿನ ಕಷ್ಟವೇ ಬೇರೆ, ಎರಡನೆಯದರ ಕಷ್ಟವೇ ಬೇರೆ. ತಲೆಯೆಣಿಕೆಯಿಂದ ಈ ಭೇದವು ಗೊತ್ತಾಗುವುದಿಲ್ಲ. ಅದೇ ಮನೆಗೆ ಮತ್ತೆ ಹೋಗಿ ಅದೇ ಜನರನ್ನು ವಿಚಾರಿಸಿದರೆ ಮಾತ್ರ ಗೊತ್ತಾಗುವುದು.

ವಿಮಾನಪುರದ ನಿದರ್ಶನ

ಬೆಂಗಳೂರಿನ ಪೂರ್ವಕ್ಕಿರುವ ವಿಮಾನಪುರವನ್ನು ನೋಡಿ. 1940ರ ಡಿಸೆಂಬರಿನಲ್ಲಿ ಸೇಠ್ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಇಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಸುತ್ತಲಿನ ವಿಭೂತಿಪುರ, ಮಾರತ್ತಹಳ್ಳಿ ಮುಂತಾದವು ಹಿಂದೆ ಹೊಲ, ಕೆರೆಗಳ ಊರುಗಳಾಗಿದ್ದು ಇಂದು ನಗರದೊಳಗೆ ಸೇರಿಹೋಗಿವೆ. ಕಾರ್ಖಾನೆಯ ವಿಮಾನ ನಿಲ್ದಾಣದಿಂದಲೇ ಬಹುಕಾಲ ಪ್ರಯಾಣಿಕರ ವಿಮಾನಗಳೂ ಹೊರಡುತ್ತಿದ್ದವು. 2008ನೆಯ ಇಸವಿ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣವು ತೆರೆಯಲಾಗಿ, ಆ ಸಂಚಾರವು ಅಲ್ಲಿಗೆ ಹೋಯಿತು. ಬಾಡಿಗೆ ಕಾರು ಓಡಿಸುವವರು, ಸಾಮಾನು ಹೊರುವವರು, ಸಣ್ಣ ಅಂಗಡಿಯವರು ಮುಂತಾಗಿ ನಿಲ್ದಾಣವನ್ನು ಆಶ್ರಯಿಸಿದ್ದವರು ಬೇರೆ ದಾರಿಯನ್ನು ಹುಡುಕಬೇಕಾಯಿತು. ಅದೇ ಕಾಲದಲ್ಲಿ ಪೂರ್ವಭಾಗದ ಕಂಪೆನಿಗಳಲ್ಲಿ ಹೊಸ ಕೆಲಸಗಳು ಹುಟ್ಟುತ್ತಿದ್ದವು. ಇಂಥ ಕಡೆ ಒಟ್ಟು ಸಂಖ್ಯೆಯನ್ನಷ್ಟೇ ನೋಡಿದರೆ ನಷ್ಟವು ಲಾಭದೊಳಗೆ ಮುಚ್ಚಿಹೋಗುತ್ತದೆ. ಕೆಲಸ ಹೋದವನಿಗೆ ಹೊಸ ಕೆಲಸ ಸಿಕ್ಕಿತೇ, ಅಥವಾ ಹೊರಗಿನಿಂದ ಬಂದ ಮತ್ತೊಬ್ಬನಿಗೆ ಸಿಕ್ಕಿತೇ ಎಂಬುದೇ ಮುಖ್ಯವಾದ ಪ್ರಶ್ನೆ. ಕಾರ್ಖಾನೆಯೋ ಹೆದ್ದಾರಿಯೋ ಸಮೀಪಿಸುತ್ತಿರುವ ಪ್ರತಿಯೊಂದು ಹಳ್ಳಿಗೂ ಈ ಪ್ರಶ್ನೆ ಬಂದೇ ಬರುವುದು.

ಸರ್ಕಾರದ ಲೆಕ್ಕ

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2017ರ ಏಪ್ರಿಲಿನಿಂದ ದೇಶದಲ್ಲೆಲ್ಲಾ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯನ್ನು ನಡೆಸುತ್ತ ಬಂದಿದೆ. ಆಯ್ದ ನಗರದ ಮನೆಗೆ ಮೂರು ತಿಂಗಳಿಗೊಮ್ಮೆಯಂತೆ ನಾಲ್ಕು ಸಾರಿ ಹೋಗುತ್ತಿದ್ದರು. ಹಳ್ಳಿಯ ಮನೆಗಾದರೋ ಒಂದೇ ಸಾರಿ. ಆದಕಾರಣ ಹಂಗಾಮು ಬದಲಾದಂತೆ ಹಳ್ಳಿಯ ಒಂದೇ ಕುಟುಂಬದ ದುಡಿಮೆ ಹೇಗೆ ಬದಲಾಯಿತೆಂಬುದು ಅದರಲ್ಲಿ ಕಾಣುತ್ತಿರಲಿಲ್ಲ. 2025ರ ಜನವರಿಯಿಂದ ಈ ಕೊರತೆಯನ್ನು ನಿವಾರಿಸಿ, ಹಳ್ಳಿಯ ಮನೆಗೂ ನಗರದ ಮನೆಗೂ ಸಮನಾಗಿ ಸತತ ನಾಲ್ಕು ತಿಂಗಳು ಹೋಗುವ ಏರ್ಪಾಡು ಮಾಡಲಾಯಿತು. ವರ್ಷಕ್ಕೆ ಆರಿಸುವ ಮನೆಗಳ ಸಂಖ್ಯೆಯನ್ನು ಸುಮಾರು 2 ಲಕ್ಷ 72 ಸಾವಿರಕ್ಕೆ ಏರಿಸಲಾಯಿತು. ಹೀಗೆ ರಾಗಿಯ ಬಿತ್ತನೆಯಲ್ಲಿ ಮೊದಲು ವಿಚಾರಿಸಿದ ಮನೆಯನ್ನು ಕುಂಟೆ ಹಾಯಿಸಿ ಕಳೆ ತೆಗೆಯುವ ಕಾಲದಲ್ಲಿಯೂ ವಿಚಾರಿಸುವುದು ಸಾಧ್ಯವಾಗಿದೆ.

ಬಹುಕಾಲದ ಲೆಕ್ಕ

ನಾಲ್ಕು ತಿಂಗಳಲ್ಲಿ ಕಾಣದ ಬದಲಾವಣೆಗಳೂ ಉಂಟು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆಯು 1954ರಿಂದ 1956ರವರೆಗೆ ಮಂಡ್ಯದ ಸೀಮೆಯ ಎರಡು ಹಳ್ಳಿಗಳಲ್ಲಿದ್ದು ಅಭ್ಯಾಸ ಮಾಡಿ, 1970ರಲ್ಲಿ ಮತ್ತೆ ಅಲ್ಲಿಗೇ ಬಂದರು. ಕಾಲುವೆಯ ನೀರು ಬಂದ ಊರಿನವರು ಬೇಸಾಯದಲ್ಲಿಯೇ ನಿಂತಿದ್ದರು. ನೀರು ಹತ್ತದ ಊರಿನವರು ಮಂಡ್ಯ ಪಟ್ಟಣದ ಕೆಲಸಗಳಿಗೂ ವ್ಯಾಪಾರಕ್ಕೂ ಹೊರಟಿದ್ದರು. ಊರು ಬಿಟ್ಟು ದುಡಿಯಲು ಹೋಗುವುದಕ್ಕೆ ಸೋಮಾರಿತನವು ಕಾರಣವಲ್ಲವೆಂಬುದಕ್ಕೆ ಇದೊಂದೇ ಸಾಕು.

ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೇಸಾಯ ಸಂಶೋಧನ ಸಂಸ್ಥೆಯು 1975ರಿಂದ ಖುಷ್ಕಿ ಪ್ರದೇಶದ ಹಳ್ಳಿಗಳಲ್ಲಿ ಇಂಥ ಲೆಕ್ಕವನ್ನು ಇಟ್ಟಿತು. ಪ್ರತಿ ಊರಿನಲ್ಲಿಯೂ 30 ಸಾಗುವಳಿದಾರರ ಮನೆಗಳನ್ನೂ 10 ಭೂಮಿಯಿಲ್ಲದ ಕೂಲಿಗಾರರ ಮನೆಗಳನ್ನೂ ಆರಿಸಿ, ಸಮೀಕ್ಷಕರು ಆ ಊರಿನಲ್ಲಿಯೇ ವಾಸಮಾಡಿ ಬರೆದುಕೊಂಡರು. ಮುಂದೆ ನಮ್ಮ ತುಮಕೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಇದರಲ್ಲಿ ಸೇರಿದವು.

ಈ ಕೆಲಸದಲ್ಲಿ ದೊಡ್ಡ ತೊಡಕೆಂದರೆ ಮನೆಗಳು ಕೈತಪ್ಪಿಹೋಗುವುದು. 2004–05ರಲ್ಲಿ ನಡೆದ ಭಾರತ ಮಾನವಾಭಿವೃದ್ಧಿ ಸಮೀಕ್ಷೆಯವರು 41 ಸಾವಿರಕ್ಕೂ ಹೆಚ್ಚು ಮನೆಗಳನ್ನು ವಿಚಾರಿಸಿದ್ದರು. 2011–12ರಲ್ಲಿ ಮತ್ತೆ ಹೋದಾಗ ಅವುಗಳಲ್ಲಿ ಶೇಕಡಾ 83ರಷ್ಟನ್ನು ಮಾತ್ರ ವಿಚಾರಿಸಲು ಸಾಧ್ಯವಾಯಿತು. ಊರು ಬಿಟ್ಟವರ ಸ್ಥಿತಿಯೇ ಅನೇಕ ವೇಳೆ ಹೆಚ್ಚಾಗಿ ಬದಲಾಗಿರುವುದರಿಂದ, ಅವರನ್ನು ಬಿಟ್ಟ ಲೆಕ್ಕವು ಅಷ್ಟರ ಮಟ್ಟಿಗೆ ಕುಂಟಾಗುವುದು.

ಮುಖಂಡರು ಮಾಡತಕ್ಕದ್ದು

ಪಟೇಲ ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು ಇಂದು ಇಲ್ಲವಾದರೂ ಊರಿನ ಹಿರಿಯರ ಮಾತಿಗೆ ಬೆಲೆ ಉಳಿದೇ ಇದೆ. ಆದುದರಿಂದ ಅವರು ಈ ಕೆಳಕಂಡ ವಿಷಯಗಳನ್ನು ಗಮನಿಸಬೇಕು.

1. ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಿರುತ್ತಾರೆ. ‘ಆ ಮನೆ ಬೇಡ, ಈ ಮನೆಗೆ ಬನ್ನಿ’ ಎಂದು ಸಮೀಕ್ಷಕರನ್ನು ಬೇರೆ ಕಡೆ ಕರೆದೊಯ್ಯಕೂಡದು.

2. ಕೂಲಿಯವರನ್ನು ವಿಚಾರಿಸುವಾಗ ಅವರಿಗೆ ಕೂಲಿ ಕೊಡುವ ಯಜಮಾನರು ಎದುರಿಗೆ ನಿಲ್ಲದಿರುವುದೇ ಒಳ್ಳೆಯದು. ಧಣಿಯ ಮುಂದೆ ಕೂಲಿಯ ನಿಜವು ಬಾಯಿಗೆ ಬರುವುದು ಕಷ್ಟ.

3. ಹೆಂಗಸರು ಸ್ವಂತ ಹೊಲದಲ್ಲಿ ಕಳೆ ಕೀಳುವುದೂ, ಮಾರುವ ಹಾಲಿಗಾಗಿ ದನ ಸಾಕುವುದೂ, ಸಂಬಳವಿಲ್ಲದಿದ್ದರೂ ಕೆಲಸವೇ. ‘ಅವರು ಮನೆಯಲ್ಲಿರುತ್ತಾರೆ’ ಎಂದು ಹೇಳಿಬಿಟ್ಟರೆ ಊರಿನ ದುಡಿಮೆಯ ದೊಡ್ಡ ಭಾಗವೇ ಲೆಕ್ಕದಿಂದ ಬಿಟ್ಟುಹೋಗುವುದು.

4. ‘ಹೋದ ತಿಂಗಳೇ ಹೇಳಿದೆವಲ್ಲ’ ಎಂದು ಜನರು ಬೇಸರಪಟ್ಟರೆ, ಮತ್ತೆ ಕೇಳುವುದೇ ಈ ಲೆಕ್ಕದ ಸಾರವೆಂದು ತಿಳಿಸಿ ಹೇಳಬೇಕು. ಇದು ಕಂದಾಯ ಹಾಕುವುದಕ್ಕಾಗಿ ತೆಗೆಯುವ ಲೆಕ್ಕವಲ್ಲ. ಪ್ರಕಟಣೆಯಲ್ಲಿ ಯಾವ ಮನೆಯವರ ಹೆಸರೂ ಇರುವುದಿಲ್ಲ.

ಇದರಿಂದ ಜಮೀನುದಾರರಿಗೂ ಪ್ರಯೋಜನವುಂಟು. ಯಾವ ತಿಂಗಳಲ್ಲಿ ಆಳುಗಳು ಹೊರಗೆ ಹೋಗುವರು, ಯಾವ ತಿಂಗಳಲ್ಲಿ ಕೆಲಸವಿಲ್ಲದೆ ಇರುವರು ಎಂಬುದು ನಿಶ್ಚಯವಾಗಿ ತಿಳಿದರೆ, ಸರ್ಕಾರದ ಕಾಮಗಾರಿಗಳನ್ನು ಬಿಡುವಿನ ತಿಂಗಳಲ್ಲಿ ನಡೆಸುವುದಕ್ಕೂ, ಕಳೆ ತೆಗೆಯುವ ಯಂತ್ರಗಳನ್ನು ಅಭಾವವಿರುವ ಕಡೆಗೆ ಮೊದಲು ಒದಗಿಸುವುದಕ್ಕೂ ಆಧಾರ ದೊರೆಯುವುದು. ತಪ್ಪು ಲೆಕ್ಕದ ಮೇಲೆ ಮಾಡಿದ ಏರ್ಪಾಡು ಮಣ್ಣು ಪರೀಕ್ಷಿಸದೆ ಹಾಕಿದ ಗೊಬ್ಬರದಂತೆ. ಖರ್ಚು ನಿಶ್ಚಯ, ಫಲ ಸಂದೇಹ. ಆದಕಾರಣ ಸಮೀಕ್ಷಕರು ಬಾಗಿಲಿಗೆ ನಾಲ್ಕನೆಯ ಸಾರಿ ಬಂದಾಗಲೂ ಮೊದಲನೆಯ ಸಾರಿಯಷ್ಟೇ ತಾಳ್ಮೆಯಿಂದ ನಿಜವನ್ನು ಹೇಳುವಂತೆ ತಮ್ಮ ಊರಿನವರಿಗೆ ಹಿರಿಯರು ತಿಳಿಯಹೇಳಬೇಕಾಗಿ ಕೋರಲಾಗಿದೆ.